ಟಿಹುವಾನಾ ನದಿ: ಗಡಿ ಬೇಲಿಯ ಎರಡೂ ಕಡೆ ನೀರು ಪರೀಕ್ಷಿಸಿದ ನನ್ನ ಅನುಭವ

ಅಮೆರಿಕದ ಸ್ಯಾನ್ ಡಿಯಾಗೊಗೆ ಬಂದ ಹೊಸದರಲ್ಲಿ ಮಕ್ಕಳನ್ನು ಕರ್ಕೊಂಡು ಇಂಪೀರಿಯಲ್ ಬೀಚ್‌ಗೆ ಹೋಗಿದ್ದೆ. ಮರಳಿನಲ್ಲಿ 'ನೀರಿಗೆ ಇಳಿಯಬೇಡಿ' ಅನ್ನೋ ಬೋರ್ಡ್. ಗಾಳಿ ತುಂಬ ಚರಂಡಿ ವಾಸನೆ. ಮೆಕ್ಸಿಕೊದ ಟಿಹುವಾನಾ ನಗರದ ಕೊಳಚೆ ನದಿಯ ಜೊತೆ ಗಡಿ ದಾಟಿ ಇಲ್ಲಿ ಸಮುದ್ರ ಸೇರುತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಆ ನದಿಗೆ ನೀರು ಹರಿದು ಬರುವ ಪ್ರದೇಶದಲ್ಲಿ ಮುಕ್ಕಾಲು ಪಾಲು ಮೆಕ್ಸಿಕೊದಲ್ಲಿದೆ.

ನೀರು ಪರೀಕ್ಷೆ ಮಾಡೋ ಸ್ವಯಂಸೇವಕರ ಜೊತೆ ಸೇರಿಕೊಂಡೆ. ಕೆಲಸ ಹೀಗೆ: ಮೊಣಕಾಲು ಮಟ್ಟದ ನೀರಿಗೆ ಇಳಿದು, ಅಲೆ ಬರೋ ಕಡೆ ಬಾಟಲಿಯ ಬಾಯಿ ಹಿಡಿದು ತುಂಬಿಸಬೇಕು. ಮುಚ್ಚಳದ ಒಳಗೆ ಬೆರಳು ತಾಗಬಾರದು. ನನ್ನ ಮೊದಲ ಬಾಟಲಿ ಹಾಗೇ ಹಾಳಾಯಿತು, ಚೆಲ್ಲಬೇಕಾಯಿತು. ಆಮೇಲೆ ಐಸ್ ಪೆಟ್ಟಿಗೆಯಲ್ಲಿಟ್ಟು 6 ಗಂಟೆಯೊಳಗೆ ಪರೀಕ್ಷೆ ಶುರು ಮಾಡಬೇಕು. ಬ್ಯಾಕ್ಟೀರಿಯಾ ಇದ್ದರೆ ಹೊಳೆಯುವಂತೆ ಮಾಡೋ ಪುಡಿಯನ್ನು ನೀರಿಗೆ ಬೆರೆಸಿ, 97 ಗುಳಿಗಳಿರುವ ತಟ್ಟೆಗೆ ಸುರಿದು, ಸೀಲ್ ಮಾಡಿ, 41 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ಇಡುತ್ತೇವೆ. ಮರುದಿನ ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ದೀಪ ಹಚ್ಚಿದರೆ, ಮಲದಿಂದ ಬರುವ ಎಂಟೆರೊಕಾಕಸ್ ಬ್ಯಾಕ್ಟೀರಿಯಾ ಇರುವ ಗುಳಿಗಳು ನೀಲಿಯಾಗಿ ಹೊಳೆಯುತ್ತವೆ. ಮಳೆ ಬಂದ ಮರುದಿನದ ತಟ್ಟೆ ಪೂರ್ತಿ ನೀಲಿ. ಅದನ್ನು ನೋಡಿದ ದಿನ ಊಟ ಸೇರಲಿಲ್ಲ.

ಆದರೆ ಒಣ ಬೇಸಿಗೆಯಲ್ಲೂ ಕೆಲವು ತಟ್ಟೆ ಹೊಳೆಯುತ್ತಿದ್ದವು. ನದಿಯ ಬಾಯಲ್ಲಿ ಹರಿವೇ ಇಲ್ಲ, ಎಲ್ಲಿಂದ ಬಂತು? ನಾವು ಅಲೆಯ ದಿಕ್ಕು ಬರೆದಿಡೋಕೆ ಶುರು ಮಾಡಿದೆವು. ಅಲೆ ದಕ್ಷಿಣದಿಂದ ಬಂದ ದಿನಗಳಲ್ಲೇ ಜಾಸ್ತಿ. ಗಡಿಯಿಂದ ದಕ್ಷಿಣಕ್ಕೆ, ಪುಂಟಾ ಬಂಡೇರಾ ಹತ್ತಿರ ಸಮುದ್ರಕ್ಕೆ ಬಿಟ್ಟ ಕೊಳಚೆಯನ್ನು ಆ ಅಲೆಗಳೇ ಉತ್ತರಕ್ಕೆ ತಳ್ಳುತ್ತವೆ. ಮಳೆಗಾಲಕ್ಕೆ ಒಂದು ದಾರಿ, ಬೇಸಿಗೆಗೆ ಇನ್ನೊಂದು. ನದಿಯನ್ನು ಮಾತ್ರ ತಡೆದರೆ ಅರ್ಧ ಕೆಲಸ, ಅಲ್ವಾ?

ಅದಕ್ಕೆ ಆ ಕಡೆಯ ನೀರೂ ಬೇಕಿತ್ತು. ಬಾಟಲಿ ಇಲ್ಲಿಗೆ ತರೋಣ ಅಂದರೆ ಗಡಿಯ ಸಾಲಿನಲ್ಲೇ ಹೊತ್ತು ಹೋಗುತ್ತೆ, 6 ಗಂಟೆ ಮೀರುತ್ತೆ. ಟಿಹುವಾನಾದ ಒಬ್ಬ ಶಿಕ್ಷಕಿ ಅಲ್ಲೇ ಪರೀಕ್ಷೆ ಮಾಡೋಕೆ ಒಪ್ಪಿದರು. ಮೊದಲ ತಿಂಗಳು ಬರೀ ಗೊಂದಲ. ಒಂದೇ ದಿನ ಅವರು 'ಸರಿ ಇದೆ' ಅಂತ ಬರೆದರೆ ನಾನು 'ಸರಿ ಇಲ್ಲ' ಅಂತಿದ್ದೆ. ಯಾರದ್ದೂ ತಪ್ಪಲ್ಲ. ಕ್ಯಾಲಿಫೋರ್ನಿಯಾದ ಲೆಕ್ಕದಲ್ಲಿ 100 ಮಿಲಿಲೀಟರ್‌ಗೆ ಗುಳಿಗಳ ಎಣಿಕೆಯಿಂದ ಸಿಗುವ ಬ್ಯಾಕ್ಟೀರಿಯಾ ಸಂಖ್ಯೆ 104 ದಾಟಿದರೆ ನೀರು ಕೆಟ್ಟಿದೆ ಅಂತ, ಮೆಕ್ಸಿಕೊದಲ್ಲಿ 200 ದಾಟಬೇಕು. 150 ಬಂದ ನೀರು ಬೇಲಿಯ ಆ ಕಡೆ ಒಳ್ಳೆಯದು, ಈ ಕಡೆ ಕೆಟ್ಟದ್ದು! ಅವತ್ತಿಂದ ಒಳ್ಳೆಯದು ಕೆಟ್ಟದ್ದು ಅಂತ ಬರೆಯೋದನ್ನೇ ಬಿಟ್ಟೆವು. ಹೊಳೆದ ಗುಳಿಗಳ ಎಣಿಕೆ, ತಟ್ಟೆಯ ಫೋಟೊ, ಅಲೆಯ ದಿಕ್ಕು, ಕೊನೆಯ ಮಳೆಯ ದಿನ. ಇಷ್ಟೇ.

ಗಡಿಯ ಈ ಕಡೆ ಇರುವ ಶುದ್ಧೀಕರಣ ಘಟಕ ದಿನಕ್ಕೆ ಟಿಹುವಾನಾದ 2.5 ಕೋಟಿ ಗ್ಯಾಲನ್ ಕೊಳಚೆ ಸಂಸ್ಕರಿಸುತ್ತಿತ್ತು. 2025ರಲ್ಲಿ ಅದನ್ನು 3.5 ಕೋಟಿಗೆ ಏರಿಸಿದರು. ನನಗೆ ತುಂಬ ಖುಷಿಯಾಯಿತು. ಆದರೂ ಶನಿವಾರ ಬೆಳಿಗ್ಗೆ 7ಕ್ಕೆ ಆ ಶಿಕ್ಷಕಿ ಅಲ್ಲಿ, ನಾನು ಇಲ್ಲಿ ನೀರಿಗೆ ಇಳಿಯುತ್ತೇವೆ. ಭಾನುವಾರ ಎರಡೂ ತಟ್ಟೆಗಳ ಫೋಟೊ ಅಕ್ಕಪಕ್ಕ ಇಟ್ಟು ಎಣಿಸುತ್ತೇವೆ.