ಮಗುವಿನ ಅಲರ್ಜಿ ರಿಪೋರ್ಟ್ ಗೊಂದಲವಾಗಿ ಬಂದರೆ, ಅಡುಗೆಮನೆ ಡಬ್ಬಗಳನ್ನು ಆಮೇಲೆ ಮುಟ್ಟಿ

ಕಳೆದ ಸಂಕ್ರಾಂತಿಯ ಸಂಜೆ ಪಕ್ಕದ ಮನೆಯವರು ಎಳ್ಳು ಬೀರಲು ಬಂದಿದ್ದರು. ನನ್ನ ಮಗನಿಗೆ ಆಗ ಒಂದು ವರ್ಷ ಎಂಟು ತಿಂಗಳು. ಅತ್ತೆ ಎಳ್ಳು ಬೆಲ್ಲವನ್ನು ಚೆನ್ನಾಗಿ ಪುಡಿ ಮಾಡಿ ಒಂದು ಚಮಚ ಬಾಯಿಗಿಟ್ಟರು. ಹತ್ತು ನಿಮಿಷ ಆಗಿರಬೇಕು ಅಷ್ಟೆ. ಬಾಯಿ ಸುತ್ತ ಕೆಂಪಾಯಿತು, ಆಮೇಲೆ ಕುತ್ತಿಗೆ, ಹೊಟ್ಟೆ ಎಲ್ಲ ಕಡೆ ಪಿತ್ತದ ಗಂಧೆ ಎದ್ದವು, ಎಡಗಣ್ಣು ಊದಿ ಮುಚ್ಚಿಕೊಂಡಿತು. ಡಾಕ್ಟರ ಹತ್ತಿರ ಓಡಿದೆವು. ರಾತ್ರಿ ಹೊತ್ತಿಗೆ ಎಲ್ಲ ಇಳಿಯಿತು.

ಮಾರನೇ ವಾರ ಒಂದು ಲ್ಯಾಬಿನಲ್ಲಿ ಅಲರ್ಜಿ ಪ್ಯಾಕೇಜ್ ಮಾಡಿಸಿದೆವು. ಒಂದೇ ಸಲ ರಕ್ತ ತೆಗೆದು ಹತ್ತಾರು ಪದಾರ್ಥ ನೋಡುವಂಥದ್ದು. ರಿಪೋರ್ಟ್ ರಾತ್ರಿ ವಾಟ್ಸಾಪ್‌ಗೆ ಬಂತು. ಕಡಲೆಕಾಯಿ, ಗೋಧಿ, ಹಾಲು, ಮೊಟ್ಟೆ, ಸೋಯಾ, ಸೀಗಡಿ, ಎಳ್ಳು, ಏಳು ಸಾಲು ಕೆಂಪಕ್ಷರದಲ್ಲಿ. ನಾನು ಆಗಲೇ ಎದ್ದು ಚಟ್ನಿಪುಡಿ ಡಬ್ಬ, ಗೋಧಿಹಿಟ್ಟಿನ ಡಬ್ಬ ಎಲ್ಲ ಮೇಲಿನ ಅಟ್ಟಕ್ಕೆ ಹಾಕಿದೆ. ಅತ್ತೆ ನೋಡುತ್ತಾ ನಿಂತಿದ್ದರು. "ಹಾಗಾದ್ರೆ ಕೂಸಿಗೆ ಇನ್ನೇನಮ್ಮ ಕೊಡೋದು?" ಅಂದರು. ಮೂರು ವಾರ ಬರೀ ಅನ್ನ, ಬೇಳೆಕಟ್ಟು, ನೀರಿನಲ್ಲಿ ಕಲಸಿದ ರಾಗಿ ಸರಿ. ಮಗುವಿನ ತೂಕ 400 ಗ್ರಾಂ ಇಳಿಯಿತು. ಆ ಮೂರು ವಾರ ಇನ್ನೊಂದು ಮನೆಯಲ್ಲಿ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಕಾಗದದಲ್ಲಿ ಏನಿದೆ ಅಂತ ತಿಳಿದುಕೊಳ್ಳಿ. ರಕ್ತದ ಟೆಸ್ಟ್ ಐಜಿಇ ಅನ್ನೋ ಪ್ರತಿಕಾಯವನ್ನು ಅಳೆಯುತ್ತದೆ. ಅದು ಇದೆ ಅಂದರೆ ದೇಹ ಆ ಪದಾರ್ಥವನ್ನು ಗುರುತು ಹಿಡಿದಿದೆ ಅಂತ ಮಾತ್ರ. ತಿಂದಾಗ ತೊಂದರೆ ಆಗುತ್ತದೆಯೋ ಇಲ್ಲವೋ ಅದು ಬೇರೆ ಪ್ರಶ್ನೆ. ಸಾಮಾನ್ಯವಾಗಿ ಅದರ ಸಂಖ್ಯೆ 0.35 (kU/L) ದಾಟಿದರೆ ಪಾಸಿಟಿವ್ ಅಂತ ಬರೆಯುತ್ತಾರೆ, 0.70 ದಾಟಿದರೆ ಕ್ಲಾಸ್ 2 ಅಂತ ಹಾಕುತ್ತಾರೆ. ಕ್ಲಾಸ್ ಅಂದ ತಕ್ಷಣ ಕಾಯಿಲೆಯ ಹಂತ ಅಂದುಕೊಳ್ಳುತ್ತೇವೆ ಅಲ್ವಾ? ಹಾಗಲ್ಲ. ಸಂಖ್ಯೆ ಜಾಸ್ತಿ ಇದ್ದಷ್ಟೂ ನಿಜವಾದ ಅಲರ್ಜಿ ಇರುವ ಸಾಧ್ಯತೆ ಜಾಸ್ತಿ. ಆದರೆ ರಿಯಾಕ್ಷನ್ ಎಷ್ಟು ಜೋರಾಗಿ ಬರುತ್ತದೆ ಅಂತ ಆ ಸಂಖ್ಯೆ ಹೇಳುವುದಿಲ್ಲ. ಕಡಿಮೆ ಸಂಖ್ಯೆಯ ಮಗುವಿಗೂ ಜೋರಾಗಿ ಬರಬಹುದು, ದೊಡ್ಡ ಸಂಖ್ಯೆಯ ಮಗು ಆರಾಮಾಗಿ ತಿನ್ನಬಹುದು.

ಟೋಟಲ್ ಐಜಿಇ ಅಂತ ಒಂದು ಸಾಲು ಇರುತ್ತದೆ, ಅದನ್ನು ನೋಡಿ ಹೆದರಬೇಡಿ. ಇಸುಬು ಇದ್ದರೆ ಏರುತ್ತದೆ, ಜಂತುಹುಳ ಇದ್ದರೂ ಏರುತ್ತದೆ. ಯಾವ ಊಟ ಬಿಡಬೇಕು ಅಂತ ಅದರಿಂದ ಗೊತ್ತಾಗುವುದಿಲ್ಲ. ಇನ್ನು ನಿಮ್ಮ ಕೈಯಲ್ಲಿರುವುದು ಐಜಿಜಿ ಟೆಸ್ಟ್ ಆಗಿದ್ದರೆ ಪಕ್ಕಕ್ಕಿಡಿ. ಆ ಪ್ರತಿಕಾಯ ಊಟ ಮಾಡುವ ಯಾರ ಮೈಯಲ್ಲೂ ಇರಬಹುದು. ಆಹಾರದ ಅಲರ್ಜಿ ಪತ್ತೆಗೆ ಅದನ್ನು ಬಳಸಬೇಡಿ ಅಂತ ಅಮೆರಿಕ, ಯೂರೋಪಿನ ಅಲರ್ಜಿ ತಜ್ಞರ ಸಂಘಗಳೇ ಹೇಳಿವೆ.

ತಿನ್ನದೇ ಇರುವ ಪದಾರ್ಥವೂ ಕೆಂಪಗೆ ಬರುತ್ತದೆ. ನಮ್ಮ ಮಗ ಸೀಗಡಿ ಮುಖವನ್ನೇ ನೋಡಿರಲಿಲ್ಲ. ಸೀಗಡಿಯಲ್ಲಿರುವ ಒಂದು ಪ್ರೋಟೀನ್, ಮನೆ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳದ ಪ್ರೋಟೀನಿಗೆ ತುಂಬ ಹೋಲುತ್ತದೆ, ಹಾಸಿಗೆ ಧೂಳಿಗೆ ಅಲರ್ಜಿ ಇರುವ ಮಗುವಿಗೆ ಹಾಗಾಗಿ ಸೀಗಡಿ ಕೂಡ ಪಾಸಿಟಿವ್ ಬರಬಹುದು. ಗೋಧಿಗೆ ಹುಲ್ಲಿನ ಪರಾಗದ ಜೊತೆ ಇದೇ ಥರ ನಂಟು. ಕಡಲೆಕಾಯಿ, ಬೇಳೆಕಾಳು, ಸೋಯಾ ಒಂದೇ ಕುಟುಂಬದವು, ಒಂದು ಬಂದರೆ ಇನ್ನೊಂದೂ ಬರಬಹುದು. ಖಾಲಿ ಸೈಟುಗಳ ತುಂಬ ಹುಲ್ಲು, ಪಾರ್ಥೇನಿಯಂ ಬೆಳೆಯುವ ಬೆಂಗಳೂರಿನಲ್ಲಿ ಮಗುವಿನ ಮೂಗು ಸದಾ ಸೋರುತ್ತಿದ್ದರೆ ಇದನ್ನೂ ಡಾಕ್ಟರಿಗೆ ಹೇಳಿ.

ಈಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನನ್ನ ಪ್ರಕಾರ ರಿಪೋರ್ಟಿಗಿಂತ ಇದೇ ಮುಖ್ಯ. ಕೆಂಪಗಿರುವ ಪ್ರತಿಯೊಂದು ಪದಾರ್ಥದ ಹೆಸರು ಬರೆದು, ಮಗು ಅದನ್ನು ಯಾವತ್ತಾದರೂ ತಿಂದಿದೆಯಾ, ಎಷ್ಟು ತಿಂದಿದೆ, ಕೊನೆಯ ಸಲ ಯಾವಾಗ, ಆಮೇಲೆ ಏನಾದರೂ ಆಯಿತಾ, ಆಗಿದ್ದರೆ ಎಷ್ಟು ಹೊತ್ತಿಗೆ ಅಂತ ಬರೆಯಿರಿ. ಹೊತ್ತು ತುಂಬ ಮುಖ್ಯ. ಐಜಿಇ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷದಿಂದ ಎರಡು ಗಂಟೆ ಒಳಗೆ ಕಾಣಿಸುತ್ತದೆ. ಮಾರನೇ ದಿನ ಬೆಳಗ್ಗೆ ಎದ್ದ ದದ್ದಿಗೆ ಹಿಂದಿನ ದಿನದ ತಿಂಡಿಯೇ ಕಾರಣ ಅಂತ ಹೇಳುವುದು ಕಷ್ಟ. ಜ್ವರ, ನೆಗಡಿ ಬಂದಾಗಲೂ ಮಕ್ಕಳಿಗೆ ಗಂಧೆ ಏಳುತ್ತದೆ, ಅದನ್ನೂ ಬರೆದಿಡಿ. ದದ್ದು ಎದ್ದರೆ ಫೋಟೋ ತೆಗೆಯಿರಿ, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಅದು ಮಾಯ ಆಗಿರುತ್ತದೆ. ಮನೆಯಲ್ಲಿ ಹಿರಿಯರು "ಬದನೆಕಾಯಿ ನಂಜು, ಕೊಡಬೇಡ" ಅಂತ ಹೇಳಿದರೆ ಸುಮ್ನೆ ತಳ್ಳಿಹಾಕಬೇಡಿ, ಯಾರಿಗೆ ಏನಾಗಿತ್ತು ಅಂತ ಕೇಳಿ. ಬದನೆಕಾಯಿಗೆ ನಿಜವಾಗಿಯೂ ಅಲರ್ಜಿ ಆಗುವವರಿದ್ದಾರೆ.

ಹಾಗೆ ಬರೆಯುತ್ತಾ ಕೂತಾಗಲೇ ನಮಗೆ ದಾರಿ ಕಂಡಿದ್ದು. ಎಳ್ಳು ಬೆಲ್ಲದಲ್ಲಿ ಏನೇನಿತ್ತು? ಕಡಲೆಕಾಯಿ. ಅದನ್ನು ಅವನು ಒಂಬತ್ತು ತಿಂಗಳಿಂದ ಚಟ್ನಿಯಲ್ಲಿ ತಿನ್ನುತ್ತಿದ್ದ. ಹುರಿಗಡಲೆ, ಅದೂ ಚಟ್ನಿಯಲ್ಲಿ. ಕೊಬ್ಬರಿ ದಿನಾ ಪಲ್ಯದಲ್ಲಿ. ಬೆಲ್ಲ ರಾಗಿ ಸರಿಯಲ್ಲಿ. ಎಳ್ಳು ಮಾತ್ರ ಅವನು ಅವತ್ತೇ ಮೊದಲ ಸಲ ತಿಂದಿದ್ದು. ರಿಪೋರ್ಟಿನಲ್ಲಿ ಕಡಲೆಕಾಯಿ 1.9 ಇತ್ತು, ಎಳ್ಳು ಬರೀ 0.6. ಕಾಗದ ನೋಡಿ ನಾವು ಕಡಲೆಕಾಯಿ ಹಿಂದೆ ಬಿದ್ದಿದ್ದೆವು.

ಮಗು ಈಗಾಗಲೇ ತೊಂದರೆ ಇಲ್ಲದೆ ತಿನ್ನುತ್ತಿರುವ ಪದಾರ್ಥವನ್ನು ರಿಪೋರ್ಟ್ ನೋಡಿ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಮಾತಾಡುವ ತನಕವಾದರೂ. ಊಟ ಸೊರಗುತ್ತದೆ ಅನ್ನುವುದು ಒಂದು. ಇನ್ನೊಂದು ಇನ್ನೂ ಮುಖ್ಯ. ತಿನ್ನುತ್ತಾ ಇದ್ದರೆ ದೇಹಕ್ಕೆ ಒಗ್ಗಿರುತ್ತದೆ. ಇಸುಬು ಇರುವ ಮಕ್ಕಳಲ್ಲಿ ತಿಂಗಳುಗಟ್ಟಲೆ ಬಿಟ್ಟು ಮತ್ತೆ ಕೊಟ್ಟಾಗ, ಮೊದಲು ಇಲ್ಲದ ಅಲರ್ಜಿ ಕಾಣಿಸಿದ್ದುಂಟು. 2015ರಲ್ಲಿ ಬಂದ ಇಂಗ್ಲೆಂಡಿನ ಲೀಪ್ ಅಧ್ಯಯನ ಇದಕ್ಕೆ ಹತ್ತಿರದ್ದು. ಅಪಾಯ ಜಾಸ್ತಿ ಇದ್ದ ಶಿಶುಗಳಿಗೆ ಬೇಗನೇ ಕಡಲೆಕಾಯಿ ತಿನ್ನಿಸಲು ಶುರು ಮಾಡಿದಾಗ ಐದು ವರ್ಷದ ಹೊತ್ತಿಗೆ ಕಡಲೆಕಾಯಿ ಅಲರ್ಜಿ ಸುಮಾರು 80% ಕಡಿಮೆ ಇತ್ತು. ಆದರೆ ತಿಂದಾಗ ನಿಜವಾಗಿ ರಿಯಾಕ್ಷನ್ ಬಂದ ಪದಾರ್ಥವನ್ನು ಪೂರ್ತಿ ನಿಲ್ಲಿಸಿ. ಇನ್ನೂ ಕೊಟ್ಟೇ ಇಲ್ಲದ, ಪಾಸಿಟಿವ್ ಬಂದ ಪದಾರ್ಥವನ್ನು ಮನೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ.

ನೆಗೆಟಿವ್ ಬಂದರೂ ಎಲ್ಲ ಮುಗಿಯಿತು ಅಂತಲ್ಲ. ಒಂದು ಪದಾರ್ಥ ತಿಂದು ಒಂದರಿಂದ ನಾಲ್ಕು ಗಂಟೆಯ ನಂತರ ಮಗು ಮತ್ತೆ ಮತ್ತೆ ವಾಂತಿ ಮಾಡಿ ಬಿಳಿಚಿಕೊಂಡರೆ, ಅಥವಾ ಹಾಲು ಕುಡಿಯುವ ಕೂಸಿನ ಮಲದಲ್ಲಿ ರಕ್ತ ಬಂದರೆ, ಅದು ಐಜಿಇ ಇಲ್ಲದೆ ಬರುವ ಅಲರ್ಜಿ ಇರಬಹುದು. ಈ ಟೆಸ್ಟುಗಳಲ್ಲಿ ಅದು ಕಾಣುವುದಿಲ್ಲ.

ಚರ್ಮದ ಟೆಸ್ಟ್ ಮಾಡಿಸುವುದಾದರೆ ಒಂದು ಎಚ್ಚರ. ಸೆಟ್ರಿಜಿನ್ ಥರದ ಅಲರ್ಜಿ ಔಷಧಿಗಳನ್ನು ಐದರಿಂದ ಏಳು ದಿನ ಮೊದಲೇ ನಿಲ್ಲಿಸಿರಬೇಕು, ನೆಗಡಿ ಸಿರಪ್‌ಗಳಲ್ಲೂ ಇಂಥದ್ದೇ ಇರುತ್ತದೆ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಬೆನ್ನಿನ ಮೇಲೆ ಒಂದೊಂದು ಪದಾರ್ಥದ ಹನಿ ಇಟ್ಟು ಸಣ್ಣಗೆ ಚುಚ್ಚಿ, 15 ನಿಮಿಷ ಬಿಟ್ಟು ಗುಳ್ಳೆ ಅಳೆಯುತ್ತಾರೆ. 3 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ ಪಾಸಿಟಿವ್. ಹೋಲಿಕೆಗೆ ಅಂತ ಇಡುವ ಹಿಸ್ಟಮಿನ್ (ಗುಳ್ಳೆ ಎಬ್ಬಿಸುವ ದ್ರವ) ಇಟ್ಟ ಜಾಗ ಊದಲೇಬೇಕು, ಬರೀ ಸಲೈನ್ (ಉಪ್ಪುನೀರು) ಇಟ್ಟ ಜಾಗ ಊದಬಾರದು. ಇವೆರಡು ಸರಿ ಬಂದವಾ ಅಂತ ಕೇಳಿ, ಇಲ್ಲದಿದ್ದರೆ ಉಳಿದ ಗುಳ್ಳೆಗಳಿಗೆ ಬೆಲೆ ಇಲ್ಲ.

ಕೊನೆಗೆ ಗೊಂದಲ ಬಿಡಿಸುವುದು ಓರಲ್ ಫುಡ್ ಚಾಲೆಂಜ್. ಡಾಕ್ಟರ ಕಣ್ಣೆದುರು, ಎಮರ್ಜೆನ್ಸಿ ಔಷಧಿ ಪಕ್ಕದಲ್ಲಿಟ್ಟುಕೊಂಡು, ಚೂರು ಚೂರು ಜಾಸ್ತಿ ಮಾಡುತ್ತಾ ತಿನ್ನಿಸುವುದು. ಬೆಂಗಳೂರಿನಲ್ಲಿ ಅಲರ್ಜಿ ಕ್ಲಿನಿಕ್ ಬೇಕಾದಷ್ಟಿವೆ, ಎಲ್ಲರೂ ಇದನ್ನು ಮಾಡುವುದಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ಚಿಕ್ಕ ಮಕ್ಕಳಿಗೆ ಫುಡ್ ಚಾಲೆಂಜ್ ಮಾಡ್ತೀರಾ?" ಅಂತ ಕೇಳಿಬಿಡಿ. ನಮಗೆ ಅರ್ಧ ದಿನ ಹಿಡಿಯಿತು. ಮಗುವಿಗೆ ಜ್ವರ, ಕೆಮ್ಮು ಇರಬಾರದು, ಆಟಿಕೆ, ಒಂದೆರಡು ಜೊತೆ ಬಟ್ಟೆ ಇಟ್ಟುಕೊಳ್ಳಿ. ಹುರಿದ ಎಳ್ಳನ್ನು ನುಣ್ಣಗೆ ಅರೆದು ಬಾಳೆಹಣ್ಣಿನಲ್ಲಿ ಕಲಸಿ ಕೊಟ್ಟರು. ಮೂರನೇ ಸಲಕ್ಕೆ ಅವನು ಕಿವಿ ಹಿಂದೆ ಕೆರೆದುಕೊಳ್ಳಲು ಶುರು ಮಾಡಿದ, ಅಂಗಿ ಎತ್ತಿ ನೋಡಿದರೆ ಹೊಟ್ಟೆ ಮೇಲೆ ಮೂರು ಗಂಧೆ. ಅಲ್ಲಿಗೆ ನಿಲ್ಲಿಸಿದರು. ನನಗೆ ಅಳು ಬಂತು, ನಿಜ. ಆದರೆ ಅವತ್ತು ಮನೆಗೆ ಬಂದು ಹಾಲು, ಗೋಧಿ, ಕಡಲೆಕಾಯಿ ಡಬ್ಬ ಎಲ್ಲ ಡಾಕ್ಟರು ಹೇಳಿದಂತೆ ಅಟ್ಟದಿಂದ ಕೆಳಗಿಳಿದವು.

ಎಳ್ಳು ಎಲ್ಲೆಲ್ಲಿ ಅಡಗಿರುತ್ತದೆ ಅಂತ ಆಗ ಗೊತ್ತಾಯಿತು. ಪುಳಿಯೋಗರೆ ಗೊಜ್ಜು, ಎಣ್ಣೆಗಾಯಿ ಮಸಾಲೆ, ಚಕ್ಕುಲಿ, ನಿಪ್ಪಟ್ಟು, ಸಜ್ಜೆ ರೊಟ್ಟಿ, ಬೇಕರಿ ಬನ್ನಿನ ತಲೆ, ಎಳ್ಳೆಣ್ಣೆ. ಪ್ಯಾಕೆಟ್ ಮೇಲೆ ಅಲರ್ಜಿ ಪದಾರ್ಥ ಬರೆಯಬೇಕು ಅಂತ ನಮ್ಮ ಆಹಾರ ಪ್ರಾಧಿಕಾರದ 2020ರ ನಿಯಮ ಇದೆ. ಅದರಲ್ಲಿ ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ ಥರದವು, ಸೋಯಾ, ಗೋಧಿ, ಮೀನು, ಸೀಗಡಿ ಇವೆ. ಎಳ್ಳು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಪದಾರ್ಥಗಳ ಸಾಲು ಪೂರ್ತಿ ಓದಬೇಕು. ಹಾಲಿನ ಅಲರ್ಜಿ ಇರುವವರಿಗೂ ಒಂದು ಮಾತು: ಎಮ್ಮೆ ಹಾಲು, ಮೇಕೆ ಹಾಲು ಕೊಟ್ಟರೆ ಸರಿಹೋಗುತ್ತದೆ ಅಂತ ಹೇಳುವವರಿದ್ದಾರೆ, ಆದರೆ ಅವುಗಳ ಪ್ರೋಟೀನುಗಳೂ ಹೆಚ್ಚುಕಮ್ಮಿ ಹಸುವಿನ ಹಾಲಿನವುಗಳ ಥರವೇ.

ಎಮರ್ಜೆನ್ಸಿ ಬಗ್ಗೆ ಗೊಂದಲ ಬೇಡವೇ ಬೇಡ. ಉಸಿರಾಡುವಾಗ ಸುಯ್ ಅನ್ನುವುದು, ಅಳು ಗೊಗ್ಗರಾಗುವುದು, ಗಂಧೆ ಜೊತೆ ಮತ್ತೆ ಮತ್ತೆ ವಾಂತಿ, ಮಗು ಇದ್ದಕ್ಕಿದ್ದಂತೆ ಸೋತು ಜೋತುಬೀಳುವುದು, ಇದರಲ್ಲಿ ಯಾವುದು ಕಂಡರೂ ಬೇಕಾದ್ದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್. ಸೆಟ್ರಿಜಿನ್ ತುರಿಕೆ ಇಳಿಸುತ್ತದೆ, ಜೀವ ಉಳಿಸುವುದಿಲ್ಲ. ವಿದೇಶದಲ್ಲಿ ಸಿಗುವ, ಡೋಸ್ ತುಂಬಿಯೇ ಬರುವ ಅಡ್ರಿನಲಿನ್ ಪೆನ್ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಮನೆಯಲ್ಲಿ ಏನಿಟ್ಟುಕೊಳ್ಳಬೇಕು, ತೂಕಕ್ಕೆ ಎಷ್ಟು ಡೋಸ್, ಹೇಗೆ ಚುಚ್ಚಬೇಕು ಅಂತ ಡಾಕ್ಟರ ಕೈಯಲ್ಲೇ ಬರೆಸಿಕೊಂಡು ಕಲಿತುಕೊಳ್ಳಿ. 108ಕ್ಕೆ ಫೋನ್ ಮಾಡಿ. ಮಗುವನ್ನು ಎತ್ತಿಕೊಂಡು ಓಡಾಡದೆ ಮಲಗಿಸಿ, ಉಸಿರಿಗೆ ಕಷ್ಟ ಇದ್ದರೆ ಕೂರಿಸಿ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟಿ ನಿಮ್ಮ ಇಷ್ಟದ ಆಸ್ಪತ್ರೆಗೆ ಹೋಗುತ್ತೇನೆ ಅನ್ನಬೇಡಿ. ಮನೆಗೆ ಹತ್ತಿರ 24 ಗಂಟೆ ಎಮರ್ಜೆನ್ಸಿ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

ಪ್ಲೇಹೋಮ್‌ಗೆ, ಅಜ್ಜಿ ಮನೆಗೆ, ಮನೆಕೆಲಸದ ಅಕ್ಕನಿಗೆ ಏಳು ಹೆಸರಿನ ರಿಪೋರ್ಟ್ ಕಳಿಸಬೇಡಿ. ಖಚಿತವಾದ ಒಂದು ಹೆಸರು, ಲಕ್ಷಣ, ಮಾಡಬೇಕಾದ ಕೆಲಸ, ಫೋನ್ ನಂಬರ್ ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಡಿ. ನಮ್ಮನೆ ಫ್ರಿಜ್ ಮೇಲೆ ಅದೇ ಅಂಟಿಸಿದ್ದೇವೆ. ಮೊಟ್ಟೆ ಇನ್ನೂ ತೀರ್ಮಾನ ಆಗಿಲ್ಲ, ಮುಂದಿನ ತಿಂಗಳು ಕ್ಲಿನಿಕ್‌ನಲ್ಲಿ ಕೇಕಿನಲ್ಲಿ ಬೆಂದ ಮೊಟ್ಟೆಯಿಂದ ಶುರು ಮಾಡುತ್ತಾರೆ. ಹಾಲು, ಮೊಟ್ಟೆ ಅಲರ್ಜಿ ಬಹಳ ಮಕ್ಕಳಿಗೆ ಬೆಳೆಯುತ್ತಾ ಹೋಗಿಬಿಡುತ್ತದೆ. ಎಳ್ಳಿನದು ಕೆಲವರಿಗೆ ಮಾತ್ರ. ಜನವರಿಯಲ್ಲಿ ಮತ್ತೆ ಟೆಸ್ಟ್ ಇದೆ, ಈ ಸಲ ಎಳ್ಳು ಒಂದಕ್ಕೆ ಮಾತ್ರ.