ಓಡುವ ಹಡಗಿಗೆ ನಡುಸಮುದ್ರದಲ್ಲಿ ಡೀಸೆಲ್ ಕೊಡುವುದು ಹೀಗೆ

ಅಣ್ಣನ ಮಗ ನೌಕಾಪಡೆಗೆ ಆಯ್ಕೆಯಾಗಿದ್ದಾನೆ. ಮುಂದಿನ ವಾರ ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ತರಬೇತಿಗೆ ಹೊರಡುತ್ತಾನೆ. ಮೊನ್ನೆ ಬೆಣ್ಣೆ ದೋಸೆ ತಿನ್ನುತ್ತಾ ಕೇಳಿದ: "ಚಿಕ್ಕಪ್ಪ, ಟ್ಯಾಂಕರ್ ಹಡಗಿನಲ್ಲಿ ಅಷ್ಟು ವರ್ಷ ಇದ್ರಿ. ಬೇರೆ ಹಡಗಿಗೆ ಡೀಸೆಲ್ ಹಾಕುವಾಗ ಎರಡನ್ನೂ ನಿಲ್ಲಿಸ್ತೀರಾ?" ದಾವಣಗೆರೆಯಿಂದ ಸೇನೆಗೆ ಹೋಗುವ ಹುಡುಗರು ಸಮುದ್ರ ನೋಡಿರುವುದೇ ಕಡಿಮೆ. ಅವನಿಗೆ ಹೇಳಿದ್ದನ್ನೇ ಅವರೆಲ್ಲರಿಗೂ ಬರೆದಿದ್ದೇನೆ.

ನಿಲ್ಲಿಸುವುದಿಲ್ಲ. ನೀರು ಹರಿದು ತಾಗಿದರೆ ಮಾತ್ರ ಚುಕ್ಕಾಣಿ ಕೆಲಸ ಮಾಡುತ್ತದೆ. ನಿಂತ ಹಡಗನ್ನು ಅಲೆ ತನಗೆ ಬೇಕಾದ ಕಡೆ ತಿರುಗಿಸುತ್ತದೆ. ಹಾಗಾಗಿ ಎರಡೂ ಅಕ್ಕಪಕ್ಕ ಓಡುತ್ತಲೇ ಇರಬೇಕು. ವೇಗ ಸಾಮಾನ್ಯವಾಗಿ 12 ನಾಟ್ ಅಥವಾ ಸ್ವಲ್ಪ ಜಾಸ್ತಿ. 12 ನಾಟ್ ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್. ನಡುವಿನ ಅಂತರ ನಲವತ್ತು ಐವತ್ತು ಮೀಟರ್ ಅಂದುಕೊಳ್ಳಿ.

ಚಿತ್ರದುರ್ಗದ ಕಡೆ ಹೋಗುವ ಹೈವೇಯಲ್ಲಿ ಎರಡು ಲಾರಿ ಜೊತೆಯಾಗಿ ಓಡುವುದನ್ನು ನೋಡಿರುತ್ತೀರಿ. ಅದಕ್ಕಿಂತ ಇದು ಕಷ್ಟ. ನಮ್ಮ ಟ್ಯಾಂಕರ್ ಐಎನ್‌ಎಸ್ ಜ್ಯೋತಿಯ ಉದ್ದವೇ ಸುಮಾರು 178 ಮೀಟರ್. ಅಷ್ಟು ದೊಡ್ಡ ಹಡಗಿನ ಪಕ್ಕ ಇನ್ನೊಂದು ಬಂದಾಗ ನಡುವಿನ ನೀರು ಸುಮ್ನೆ ಇರುವುದಿಲ್ಲ. ಮೂತಿಯ ಹತ್ತಿರ ಹೊರಕ್ಕೆ ತಳ್ಳುತ್ತದೆ, ಹೊಟ್ಟೆಯ ಹತ್ತಿರ ಒಳಕ್ಕೆ ಎಳೆಯುತ್ತದೆ. ಅದಕ್ಕೇ ಮೊದಲ ನಿಯಮ: ಡೀಸೆಲ್ ಕೊಡುವ ಹಡಗು ತನ್ನ ದಿಕ್ಕು, ವೇಗ ಬದಲಿಸಕೂಡದು. ಹಿಂದಿನಿಂದ ಬಂದು ಪಕ್ಕಕ್ಕೆ ಸೇರುವುದು, ಅಂತರ ಕಾಯುವುದು, ಎರಡೂ ತೆಗೆದುಕೊಳ್ಳುವವರ ಜವಾಬ್ದಾರಿ.

ಕರೆಯುವುದು ಬಾವುಟದಿಂದ. ಕೆಂಪು ಬಟ್ಟೆಯ ಮೇಲೆ ಹಳದಿ ಅಡ್ಡಪಟ್ಟಿ, ಉದ್ದಪಟ್ಟಿ ಇರುವ ರೋಮಿಯೋ ಬಾವುಟ. ನಾವು ಅದನ್ನು ಅರ್ಧ ಏರಿಸಿದರೆ "ದಿಕ್ಕು, ವೇಗ ಹಿಡಿದಿದ್ದೇವೆ, ತಯಾರಿ ನಡೆದಿದೆ" ಅಂತ ಅರ್ಥ. ತುದಿಗೆ ಏರಿಸಿದರೆ "ಬನ್ನಿ". ಅವರೂ ತಮ್ಮ ರೋಮಿಯೋ ಏರಿಸಿ ಹೊರಡುತ್ತಾರೆ. ಮೊದಲ ಹಗ್ಗ ಕೈಗೆ ಸಿಕ್ಕಮೇಲೆ ಇಬ್ಬರೂ ಇಳಿಸುತ್ತಾರೆ. ಎಣ್ಣೆ ಹರಿಯುವಷ್ಟು ಹೊತ್ತು ಕೆಂಪು ಬ್ರಾವೋ ಬಾವುಟ ಮೇಲಿರುತ್ತದೆ.

ಈಗ ಹಗ್ಗದ ಕೆಲಸ. ಎತ್ತರದ ಹುಣಸೆ ಕೊಂಬೆಗೆ ಜೋಕಾಲಿ ಕಟ್ಟುವಾಗ ಏನು ಮಾಡುತ್ತೀರಿ? ಕಲ್ಲಿಗೆ ದಾರ ಕಟ್ಟಿ ಕೊಂಬೆ ದಾಟಿಸಿ ಎಸೆಯುತ್ತೀರಿ, ದಾರಕ್ಕೆ ಹಗ್ಗ ಕಟ್ಟಿ ಎಳೆಯುತ್ತೀರಿ. ಇಲ್ಲೂ ಅದೇ. ಬಂದೂಕಿನಿಂದ ತೆಳ್ಳನೆಯ ದಾರ ಹಾರಿಸುತ್ತಾರೆ. ಅದಕ್ಕೆ ಮುಂಚೆ ಹಾರಿಸುವ ಹಡಗು ಒಂದು ಸೀಟಿ ಊದುತ್ತದೆ. ಆ ಕಡೆಯವರೆಲ್ಲ ಮರೆಗೆ ಹೋದಮೇಲೆ ಎರಡು ಸೀಟಿ ಬರುತ್ತದೆ. ಆ ಎರಡು ಸೀಟಿ ಕೇಳದೆ ಹಾರಿಸಕೂಡದು, ದಾರ ಹೊತ್ತು ಹಾರುವ ಗುಂಡು ಯಾರ ಮುಖಕ್ಕಾದರೂ ಬಡಿಯಬಹುದು. ದಾರದ ಹಿಂದೆ ದಪ್ಪ ಹಗ್ಗ, ಅದರ ಜೊತೆ ಟೆಲಿಫೋನ್ ತಂತಿ, ಅಳತೆ ಹಗ್ಗ, ಕೊನೆಗೆ ಉಕ್ಕಿನ ತಂತಿ.

ಅಳತೆ ಹಗ್ಗಕ್ಕೆ 20 ಅಡಿಗೊಂದು ಬಣ್ಣದ ಬಟ್ಟೆ ಕಟ್ಟಿರುತ್ತದೆ, ರಾತ್ರಿ ದೀಪ. ಅದರ ಒಂದು ತುದಿ ನಮ್ಮ ಕಡೆ, ಇನ್ನೊಂದು ತುದಿ ಅವರ ಹುಡುಗರ ಕೈಯಲ್ಲಿ. ಕೈಯಲ್ಲೇ ಹಿಡಿಯಬೇಕು, ಯಾವುದಕ್ಕೂ ಕಟ್ಟಕೂಡದು. ಎರಡೂ ಹಡಗಿನ ಬ್ರಿಡ್ಜ್‌ನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ಕ್ಯಾಪ್ಟನ್‌ಗಳು ಅದನ್ನೇ ನೋಡಿ ಅಂತರ ಅಂದಾಜು ಮಾಡುತ್ತಾರೆ. ಸಡಿಲ ಬಿಟ್ಟರೆ ಸುಳ್ಳು ಅಳತೆ ತೋರಿಸುತ್ತದೆ.

ನಾನು ಹೊಸಬನಾಗಿದ್ದಾಗ ಕಂಡದ್ದು ಇದು. ಮಳೆಗಾಲ, ಅಲೆ ಎದ್ದಿತ್ತು. ಪಕ್ಕದಲ್ಲಿ ನಿಂತ ಹುಡುಗನ ಬಲಗಾಲು ಡೆಕ್ ಮೇಲಿನ ಹಗ್ಗದ ಸುರುಳಿಯೊಳಗಿತ್ತು. ಅವನ ಕಣ್ಣೆಲ್ಲ ಆ ಕಡೆಯ ಹಡಗಿನ ಮೇಲೆ. ಎದುರಿನ ಹಡಗು ಸ್ವಲ್ಪ ದೂರ ಸರಿಯಿತು, ಸುರುಳಿ ಒಂದೊಂದಾಗಿ ಬಿಚ್ಚಿ ಓಡತೊಡಗಿತು. ಹಿರಿಯ ನಾವಿಕರೊಬ್ಬರು ಅವನ ಕಾಲರ್ ಹಿಡಿದು ಹಿಂದಕ್ಕೆ ಎಸೆದರು. ಕಾಲು ಉಳಿಯಿತು, ಬೂಟು ಸಮುದ್ರಕ್ಕೆ ಹೋಯಿತು. ಈಗಲೂ ಎಪಿಎಂಸಿಯಲ್ಲಿ ಯಾರಾದರೂ ಲಾರಿಗೆ ಹಗ್ಗ ಬಿಗಿಯುವುದು ಕಂಡರೆ ನಾನು ಮೊದಲು ಅವರ ಕಾಲು ಎಲ್ಲಿದೆ ಅಂತ ನೋಡುತ್ತೇನೆ. ಹಗ್ಗದ ಒಳಗೆ ನಿಲ್ಲಬೇಡಿ, ಅದರ ಮೇಲೆ ಕಾಲಿಡಬೇಡಿ, ಬಿಗಿದ ಹಗ್ಗದ ನೇರಕ್ಕೂ ಇರಬೇಡಿ. ಬೆರಳಲ್ಲಿ ಉಂಗುರ ಇರಕೂಡದು.

ಉಕ್ಕಿನ ತಂತಿಯ ತುದಿಯನ್ನು ಅವರ ಕಡೆಯ ಕೊಂಡಿಗೆ ಹಾಕಿದ ಮೇಲೆ ನಮ್ಮ ವಿಂಚ್, ಅಂದರೆ ತಂತಿ ಸುತ್ತಿ ಎಳೆಯುವ ಯಂತ್ರ, ಅದನ್ನು ಬಿಗಿಯುತ್ತದೆ. ಹಡಗು ಎದ್ದು ಕೂತು ಮಾಡಿದಂತೆಲ್ಲ ತಂತಿ ತುಂಡಾಗಬಾರದಲ್ವಾ? ಅದಕ್ಕೆ ಟೆನ್ಷನರ್ ಇದೆ. ಬೇಕಾದಾಗ ಬಿಡುತ್ತದೆ, ಬೇಕಾದಾಗ ಎಳೆದುಕೊಳ್ಳುತ್ತದೆ. ಆ ತಂತಿಗೆ ರಾಟೆಗಳ ಮೇಲೆ ದಪ್ಪ ಪೈಪು ಜೋತುಬಿದ್ದು ಆಚೆ ಹಡಗು ಸೇರುತ್ತದೆ. ಪೈಪಿನ ಮುಂದಿನ ಉದ್ದ ಮೂತಿಗೆ ಪ್ರೋಬ್ ಅನ್ನುತ್ತಾರೆ. ಅವರ ಕಡೆ ಗಂಟೆಯಾಕಾರದ ಬಾಯಿ ಕಾಯುತ್ತಿರುತ್ತದೆ. ಪ್ರೋಬ್ ಅದರೊಳಗೆ ಹೋಗಿ ಠಣ್ ಅಂತ ಕೂರುತ್ತದೆ. ಸದ್ದು ಕೇಳಿದರೆ ಸಾಲದು, ಸರಿಯಾಗಿ ಕಚ್ಚಿಕೊಂಡಿದೆಯಾ ಅಂತ ಸೂಚಕ ನೋಡಿ ಖಚಿತ ಮಾಡಿಕೊಳ್ಳಬೇಕು.

ಪಂಪು ಮೊದಲು ನಿಧಾನ. ಎಲ್ಲೂ ಸೋರುತ್ತಿಲ್ಲ ಅಂತ ಅವರು ಹೇಳಿದ ಮೇಲೆ ಒತ್ತಡ ಏರಿಸಿ. ಮುಗಿದ ಮೇಲೆ ಗಾಳಿ ಊದಿ ಪೈಪಿನ ಎಣ್ಣೆಯನ್ನೆಲ್ಲ ಆ ಕಡೆಗೆ ಕಳಿಸಿ, ಆಮೇಲೆ ಬಿಡಿಸಿ. ಒಂದು ಹನಿಯೂ ಸಮುದ್ರಕ್ಕೆ ಬೀಳಬಾರದು.

ಬೇರೆ ದೇಶದ ಹಡಗಿಗೂ ಇದೇ ಕ್ರಮ. 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಯುದ್ಧನೌಕೆ ಐಎನ್‌ಎಸ್ ತಲ್ವಾರ್ ಉತ್ತರ ಅರಬ್ಬೀ ಸಮುದ್ರದಲ್ಲಿ ಅಮೆರಿಕದ ಯೂಕಾನ್ ಎಂಬ ಟ್ಯಾಂಕರ್‌ನಿಂದ ಇಂಧನ ಪಡೆಯಿತು. 2016ರಲ್ಲಿ ಎರಡೂ ದೇಶ ಮಾಡಿಕೊಂಡ ಒಪ್ಪಂದದಿಂದ ಅದು ಸಾಧ್ಯವಾಯಿತು. ಎದುರಿನ ನಾವಿಕನ ಮಾತು ನಮಗೆ ಅರ್ಥ ಆಗದಿರಬಹುದು. ಬಾವುಟ ಅದೇ, ಸೀಟಿ ಅದೇ, ಕೈಸನ್ನೆ ಅದೇ. ಅದಕ್ಕೇ ಇವನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಕಲಿಯಬೇಕು.

ಕೇಡು ಎದುರಾದರೆ, ಅಂದರೆ ಎಂಜಿನ್ ಕೈಕೊಟ್ಟರೆ ಅಥವಾ ಚುಕ್ಕಾಣಿ ಸಿಕ್ಕಿಕೊಂಡರೆ, ಐದು ಅಥವಾ ಹೆಚ್ಚು ಚಿಕ್ಕ ಸೀಟಿ ಬರುತ್ತದೆ. ಆಗ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕತ್ತರಿಸಬೇಡಿ. ಮೊದಲು ಪಂಪು ನಿಲ್ಲಿಸಿ, ಪೈಪು ಬಿಡಿಸಿ ಎಳೆದುಕೊಳ್ಳಿ, ಉಕ್ಕಿನ ತಂತಿ ಸಡಿಲಿಸಿ. ಸಡಿಲವಾದ ಮೇಲೆ ಅವರು ಕೊಂಡಿಯನ್ನು ಸುತ್ತಿಗೆಯಿಂದ ಹೊಡೆದು ಬಿಡಿಸುತ್ತಾರೆ. ಬಿಗಿಯಾಗಿರುವಾಗ ಬಿಟ್ಟರೆ ಆ ತಂತಿ ಚಾಟಿಯ ಹಾಗೆ ತಿರುಗಿ ಬರುತ್ತದೆ.

ಕೆಲಸ ಮುಗಿದಾಗ ಹಗ್ಗಗಳು ಒಂದೊಂದಾಗಿ ವಾಪಸ್ ಬರುತ್ತವೆ. ಅವರು ವೇಗ ಸ್ವಲ್ಪ ಏರಿಸಿ ನಿಧಾನಕ್ಕೆ ಹೊರಮುಖ ತಿರುಗಿ ಹೋಗುತ್ತಾರೆ. ಕೈಬೀಸಿ ಕಳಿಸಿದ ಮೇಲೂ ನಿಮಗೆ ಕೆಲಸ ಇರುತ್ತದೆ. ಉಪ್ಪುನೀರು ಕುಡಿದ ಹಗ್ಗವನ್ನು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಸವೆದ ಎಳೆ ಇದೆಯಾ ಅಂತ ಕೈಯಿಂದ ಸವರಿ ನೋಡಿ, ಮತ್ತೆ ಸುರುಳಿ ಸುತ್ತಿಡಬೇಕು.