ಮಗಳು ಬರುವ ಮುನ್ನ ಮಾಡಿಕೊಂಡ ತಯಾರಿ

ದತ್ತು ತೆಗೆದುಕೊಳ್ಳುತ್ತೇವೆ ಎಂದು ಮನೆಯಲ್ಲಿ ಹೇಳಿದಾಗ ಬಂಧುಗಳು ಎರಡು ದಾರಿ ತೋರಿಸಿದರು. ಒಂದು, ಮೈದುನನ ಸಣ್ಣ ಮಗನನ್ನೇ ತೆಗೆದುಕೊಳ್ಳುವುದು. ಕಿತ್ತೂರಿನ ದತ್ತಕದ ಕಥೆ ಕೇಳಿ ಬೆಳೆದ ನಮ್ಮ ಸೀಮೆಯಲ್ಲಿ ಅದು ಹಳೆಯ ಪದ್ಧತಿ. ಇನ್ನೊಂದು, "ಆಸ್ಪತ್ರ್ಯಾಗ ಗುರ್ತಿನವರು ಅದಾರ, ಹೇಳಿ ಇಡೂಣು" ಎಂದು ಕೂಸನ್ನು ಆಸ್ಪತ್ರೆಯಿಂದಲೇ ನೇರವಾಗಿ ತರುವುದು. ಈ ಎರಡನೆಯದಕ್ಕೆ ನಾನು ಅಲ್ಲೇ ತಡೆ ಹಾಕಿದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವಿನ ಮಾರಾಟ, ಖರೀದಿಗೆ ಐದು ವರ್ಷದವರೆಗೆ ಜೈಲಿದೆ. ಆಸ್ಪತ್ರೆಯವರೇ ಸೇರಿದ್ದರೆ ಏಳು ವರ್ಷದವರೆಗೆ. ಜೈಲಿನ ಮಾತು ಬಿಡಿ, ಹೆತ್ತವಳು ನಿಜವಾಗಿ ಒಪ್ಪಿದ್ದಳೇ ಎಂದು ನಾಳೆ ಮಗಳು ಕೇಳಿದರೆ ನಮ್ಮ ಬಳಿ ಉತ್ತರ ಇರಬೇಕಲ್ಲ? ದತ್ತು ಕೇಂದ್ರದ ಮೂಲಕವಾದರೆ, ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 60 ದಿನ ಇರುತ್ತದೆ. ಎಲ್ಲೋ ಸಿಕ್ಕ ಕೂಸಾದರೆ ಹೆತ್ತವರನ್ನು ಹುಡುಕುತ್ತಾರೆ. ಆಮೇಲಷ್ಟೇ ಮಕ್ಕಳ ಕಲ್ಯಾಣ ಸಮಿತಿ ಆ ಮಗುವನ್ನು ದತ್ತು ಕೊಡಲು ಮುಕ್ತ ಎಂದು ಘೋಷಿಸುತ್ತದೆ.

ನೋಂದಣಿ ಪೂರ್ತಿ ಆನ್‌ಲೈನ್. ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದ ಕೇರಿಂಗ್ಸ್ ಪೋರ್ಟಲ್‌ನಲ್ಲಿ ಪ್ಯಾನ್, ಆದಾಯ, ವಾಸಸ್ಥಳ, ಆರೋಗ್ಯ ಪ್ರಮಾಣಪತ್ರಗಳನ್ನು ಏರಿಸಬೇಕು. ಮದುವೆಯಾಗಿ ಕನಿಷ್ಠ ಎರಡು ವರ್ಷ ಆಗಿರಬೇಕು. ನಮ್ಮ ಕಡೆ ಗುಡಿಯಲ್ಲಿ, ಕಲ್ಯಾಣಮಂಟಪದಲ್ಲಿ ಮದುವೆಯಾದ ಎಷ್ಟೋ ಜನ ಅದನ್ನು ನೋಂದಾಯಿಸಿಯೇ ಇರುವುದಿಲ್ಲ. ಮೊದಲು ಉಪನೋಂದಣಿ ಕಚೇರಿಗೆ ಹೋಗಿ ಅದನ್ನು ಮಾಡಿಸಿ. ವಯಸ್ಸಿನ ಲೆಕ್ಕವೂ ಇದೆ: ಎರಡು ವರ್ಷದೊಳಗಿನ ಕೂಸು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿದರೆ 85 ದಾಟಬಾರದು. ಕಾಯುವುದೇ ವರ್ಷಗಟ್ಟಲೆಯಾದ್ದರಿಂದ ತಡಮಾಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ದತ್ತು ಕೇಂದ್ರದ ಸಮಾಜ ಕಾರ್ಯಕರ್ತೆ ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದರು. ಗೃಹ ಅಧ್ಯಯನ ಎನ್ನುತ್ತಾರೆ, ಅದಕ್ಕೆ ಶುಲ್ಕ 6000 ರೂಪಾಯಿ. ಮನೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅವರು ಮನೆಯವರ ಮನಸ್ಸನ್ನು ನೋಡಿದರು. ನಾನು ನೌಕರಿಗೆ ಹೋದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಬಸಿರು ನಿಲ್ಲದ ದುಃಖದಿಂದ ನಾವಿಬ್ಬರೂ ಹೊರಬಂದಿದ್ದೇವೆಯೇ ಎಂದೆಲ್ಲ ಕೇಳಿದರು. ನಮ್ಮವರು ಆ ದಿನ ಮಾತಾಡಿದಷ್ಟು ಅದಕ್ಕೂ ಮೊದಲು ನನ್ನ ಮುಂದೆಯೂ ಮಾತಾಡಿರಲಿಲ್ಲ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು: "ಮೇಡಮ್ಮಾರ, ಯಾವ ಮಂದಿ ಕೂಸು ಅಂತ ಹೇಳ್ತೀರೇನ್ರಿ?"

"ಇಲ್ರೀ ಅಮ್ಮಾ. ನಿಮ್ಮ ಮನೀಗೆ ಬಂದ ಮ್ಯಾಲೆ ಅದು ನಿಮ್ಮ ಮೊಮ್ಮಗು, ಅಷ್ಟ."

ಅತ್ತೆ ಆಗ ಸುಮ್ಮನಾದರು. ಒಪ್ಪಲು ಮಾತ್ರ ಬಹಳ ತಿಂಗಳು ಬೇಕಾಯಿತು. ಕೂಸು ಬಂದ ಮೇಲೆ ಒಪ್ಪಿಸೋಣ ಎಂದು ಮುಂದೂಡದೆ, ಈ ಮಾತುಗಳನ್ನೆಲ್ಲ ಕಾಯುವ ಕಾಲದಲ್ಲೇ ಮುಗಿಸಿಕೊಂಡದ್ದು ನಮಗೆ ದೊಡ್ಡ ಸಹಾಯವಾಯಿತು.

ಎಲ್ಲಕ್ಕಿಂತ ಮುಖ್ಯವಾದ ತಯಾರಿ ಆರೋಗ್ಯದ ವಿಷಯದ್ದು. ಸರದಿ ಬಂದಾಗ ಪೋರ್ಟಲ್‌ನಲ್ಲಿ ಮಗುವಿನ ಫೋಟೊ, ಅಧ್ಯಯನ ವರದಿ, ವೈದ್ಯಕೀಯ ವರದಿ ಕಾಣುತ್ತವೆ. ಈ ಮಗು ನಮಗೆ ಎಂದು ಕಾಯ್ದಿರಿಸಲು ಇರುವುದು 48 ತಾಸು ಮಾತ್ರ. ಫೋಟೊ ನೋಡಿದ ಕ್ಷಣಕ್ಕೆ ಬುದ್ಧಿ ಓಡುವುದಿಲ್ಲ. ಹಾಗಾಗಿ ನಮ್ಮೂರಿನ ಮಕ್ಕಳ ವೈದ್ಯರೊಬ್ಬರನ್ನು ಮೊದಲೇ ಕಂಡು ಮಾತಾಡಿಟ್ಟಿದ್ದೆವು. ನಮಗೆ ಬೇಕಾದ ವೈದ್ಯರಿಗೆ ವರದಿ ತೋರಿಸಲು ನಿಯಮದಲ್ಲೇ ಅವಕಾಶವಿದೆ. ಮಗು ಅವಧಿಗೆ ಮುಂಚೆ ಹುಟ್ಟಿತ್ತು, ತೂಕ ಕಡಿಮೆ. ವೈದ್ಯರು ತಲೆಯ ಸುತ್ತಳತೆ, ತಿಂಗಳಿಂದ ತಿಂಗಳಿಗೆ ಏರಿದ ತೂಕ ನೋಡಿ, ಕಿವಿ ಕೇಳಿಸುವ ಪರೀಕ್ಷೆ ಆಗಿದೆಯೇ ಎಂದು ಕೇಂದ್ರದವರನ್ನು ವಿಚಾರಿಸಲು ಹೇಳಿದರು. ಯಾವ ತೊಂದರೆಯನ್ನು ನಾವು ನಿಭಾಯಿಸಬಲ್ಲೆವು, ಯಾವುದು ನಮ್ಮಿಂದ ಆಗದು ಎಂದು ಗಂಡ ಹೆಂಡತಿ ಮೊದಲೇ ಕೂತು ಮಾತಾಡಿರಬೇಕು. ಆ ಮಾತು ಕಷ್ಟದ್ದು, ಆದರೂ ಆಡಲೇಬೇಕು. ವಿಶೇಷ ಅಗತ್ಯದ ಮಕ್ಕಳಿಗೆ, ದೊಡ್ಡ ಮಕ್ಕಳಿಗೆ ಮನಸ್ಸು ಮಾಡುವವರು ಇಷ್ಟು ಕಾಯಬೇಕಾಗಿಲ್ಲ. ಅಂಥ ಶಕ್ತಿ ಇರುವವರು ದಯವಿಟ್ಟು ಯೋಚಿಸಿ.

ಮಗು ಇದ್ದದ್ದು ಬೇರೆ ಜಿಲ್ಲೆಯ ಕೇಂದ್ರದಲ್ಲಿ. ಅಲ್ಲಿಗೆ ಹೋಗಿ ಅವಳನ್ನು ಕಂಡು, ಅಲ್ಲಿನ ದತ್ತು ಸಮಿತಿಯ ಮುಂದೆ ಕೂತು, ವರದಿಗಳಿಗೆ ಸಹಿ ಹಾಕಿದೆವು. ಕೇಂದ್ರದ ಮಕ್ಕಳ ಪಾಲನಾ ನಿಧಿಗೆ 50,000 ರೂಪಾಯಿ ಕಟ್ಟಿ ರಸೀದಿ ಪಡೆದೆವು. ಬೇಗ ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಅವರ ಮಾತು ಕೇಳಬೇಡಿ.

ಅಂತಿಮ ಆದೇಶಕ್ಕೆ ಮೊದಲೇ ದತ್ತುಪೂರ್ವ ಪಾಲನೆಗೆಂದು ಮಗುವನ್ನು ಮನೆಗೆ ಕಳಿಸುತ್ತಾರೆ. ಆಗ ಅಲ್ಲಿನ ಆಯಾ ಜೊತೆ ನಾನು ಬಹಳ ಹೊತ್ತು ಕೂತೆ. ಎಷ್ಟು ಗಂಟೆಗೆ ಹಾಲು, ಯಾವ ಮಗ್ಗುಲಿಗೆ ಮಲಗುತ್ತಾಳೆ, ಅತ್ತರೆ ಹೇಗೆ ಎತ್ತಿಕೊಳ್ಳಬೇಕು, ಎಲ್ಲ ಬರೆದುಕೊಂಡೆ. ಅವಳು ಹೊದೆಯುತ್ತಿದ್ದ ದುಪಟಿಯನ್ನು ಒಗೆಯದೆ ಹಾಗೇ ಕೊಡಿ ಎಂದು ಕೇಳಿ ತಂದೆ. ಹೊಸ ಮನೆಯಲ್ಲಿ ಅವಳಿಗೆ ಗುರುತಿನ ವಾಸನೆ ಅದೊಂದೇ. ಹೆಂಗಸರೇ ನೋಡಿಕೊಂಡ ಮಗುವಾದ್ದರಿಂದ ನಮ್ಮವರ ದನಿ ಕೇಳಿದರೆ ಚೀರುತ್ತಿದ್ದಳು. ಅವರು ಎತ್ತಿಕೊಳ್ಳುವ ಆಸೆ ತಡೆದು, ದಿನಾ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಕಡೆಗೆ ಅವಳೇ ಅಂಬೆಗಾಲಿಟ್ಟು ಅವರ ತೊಡೆ ಹತ್ತಿದಳು. ನೋಡಲು ಬರುವ ಬಂಧುಗಳನ್ನು ಆ ದಿನಗಳಲ್ಲಿ ತಡೆದೆವು. ಬೇಜಾರಾದವರಿದ್ದಾರೆ. ಆದರೆ ಕೈಯಿಂದ ಕೈಗೆ ಹೋಗುವ ಮಗುವಿಗೆ ತನ್ನವರು ಯಾರು ಎಂದು ತಿಳಿಯುವುದು ಹೇಗೆ?

ಆದೇಶ ಈಗ ನ್ಯಾಯಾಲಯದ್ದಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತು ಕೇಂದ್ರ ಇರುವ ಜಿಲ್ಲೆಯ ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಅರ್ಜಿ ಹಾಕುವುದು ಕೇಂದ್ರದ ಕೆಲಸ. ಆದೇಶದ ಮೇಲೆ ಸಿಗುವ ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿ ಎಂದು ನಮ್ಮ ಹೆಸರೇ ಇರುತ್ತದೆ.

ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತೆ ಬಂದು ನೋಡುತ್ತಾರೆ. ಇದನ್ನು ತಪಾಸಣೆ ಎಂದು ತಿಳಿದು ಎಲ್ಲ ಚೆನ್ನಾಗಿದೆ ಎನ್ನುವವರಿದ್ದಾರೆ. ನಾವು ನಿದ್ದೆಗೆಟ್ಟ ರಾತ್ರಿಗಳನ್ನೂ ಹೇಳಿದೆವು, ಉಪಾಯವೂ ಸಿಕ್ಕಿತು. ದತ್ತಿನ ವಿಷಯ ಮಗಳಿಗೆ ಯಾವಾಗ ಹೇಳಬೇಕು ಎಂದು ಕೇಳಿದಾಗ ಅವರು, "ಈಗಿಂದನಾ ಹೇಳ್ರಿ" ಎಂದರು. ಅಂದಿನಿಂದ ಎಣ್ಣೆ ಹಚ್ಚಿ ಎರೆಯುವಾಗ ಅವಳು ನಮ್ಮ ಮನೆಗೆ ಬಂದ ಕಥೆಯನ್ನೇ ಅತ್ತೆ ಹೇಳುತ್ತಾರೆ.